ಮೂಸಿ ನೋಡಿದ ಉಪ್ಪು

ಏಪ್ರಿಲ್ ೯, ಬುಧವಾರ

ಬ್ರೆಡ್ಡಿನ ಆ ಒಣ ಚೂರು ಕಣ್ಣಿಂದ ಮರೆಯಾಗುತ್ತಿಲ್ಲ.

ಮಕ್ಕಳ ಅಮ್ಮ ತೀರಿಕೊಂಡು ಎಂಟು ತಿಂಗಳು. ಅಂದಿನಿಂದ ಮನೆಯಲ್ಲಿ ಮಾಂಸ ಬೆಂದಿಲ್ಲ. ಅವಳು ತಿನ್ನುತ್ತಿರಲಿಲ್ಲ, ನಮಗಾಗಿ ಮಾಡುತ್ತಿದ್ದಳು. ಉಪ್ಪು ಸರಿಯಿದೆಯೇ ಎಂದು ಮೂಸಿಯೇ ಹೇಳುತ್ತಿದ್ದಳು, ಒಂದು ದಿನವೂ ತಪ್ಪಿದ್ದಿಲ್ಲ. ಅವಳ ಕೈರುಚಿ ನೆನಪಾಗದಂಥ ಊಟ ಸಿಗಲೆಂದೇ ಮಕ್ಕಳನ್ನು ಈ ಪರದೇಶಕ್ಕೆ ಕರೆತಂದೆ. ದಡ್ಡ ನಾನು.

ಇವತ್ತು ಹೋಟೆಲಿನಲ್ಲಿ ಮೆನುವಿನ ಚಿತ್ರಕ್ಕೆ ಬೆರಳು ತೋರಿಸಿ, ಹೆಸರೂ ಗೊತ್ತಿಲ್ಲದ ಮಾಂಸದ ಸಾರು ತರಿಸಿದೆ. ಮಗ ಬಟ್ಟಲನ್ನೇ ನೋಡುತ್ತ ಕೂತ.

“ಇದು ಯಾವ ಪ್ರಾಣಿ ಅಪ್ಪಾ?”

“ಗೊತ್ತಿಲ್ಲ ಕಣೋ. ತಿಂದು ನೋಡು.”

ಮಗಳು ಬಟ್ಟಲನ್ನು ತನ್ನತ್ತ ಎಳೆದುಕೊಂಡು, ಕಣ್ಣು ಮುಚ್ಚಿ ಮೂಸಿದಳು. “ಉಪ್ಪು ಕಮ್ಮಿ ಇದೆ. ಸ್ವಲ್ಪ ಹಾಕ್ಕೊಂಡು ತಿನ್ನು.”

ನಾನು ಒಂದು ಚಮಚ ಬಾಯಿಗಿಟ್ಟೆ. ಕಮ್ಮಿಯೇ ಇತ್ತು.

ತಮ್ಮನಿಗೆ ಮೂಳೆ ಬಿಡಿಸಿ ಕೊಟ್ಟಳು, ನನಗೂ ಬಡಿಸಿದಳು. ತಾನು ಮಾತ್ರ ಬರೀ ಬ್ರೆಡ್ ಮುರಿದುಕೊಂಡಳು.

“ನಿಂಗೆ?” ಎಂದೆ.

“ನಂಗೆ ಬೇಡಪ್ಪ. ನೀವು ತಿನ್ನಿ.”

ನಲ್ಲಿಮೂಳೆಗಾಗಿ ತಮ್ಮನ ಜುಟ್ಟು ಹಿಡಿದು ಜಗಳವಾಡುತ್ತಿದ್ದ ಹುಡುಗಿ. ಇನ್ನೂ ಹನ್ನೊಂದು ತುಂಬಿಲ್ಲ.