ನೈರೋಬಿಯ ಮೆಕ್ಯಾನಿಕ್

ಅಪ್ಪಾಜಿ,

ನಾನು ಶಿರೂರಿನ ಕಾರ್ಖಾನೆಗೆ ಹೊರಟೆ. ನೈರೋಬಿಯಲ್ಲಿ ನಾವು ಮಾರಿದ ಹಿಟ್ಟಿನ ಗಿರಣಿಗಳನ್ನು ರಿಪೇರಿ ಮಾಡಲು ವಂಜಿರು ಎಂಬ ಹುಡುಗಿ ಸಿಕ್ಕಿದ್ದಾಳೆ. ಅವಳ ನೇಮಕದ ಒಪ್ಪಂದಕ್ಕೆ ನಿನ್ನೆ ಸಹಿ ಹಾಕಿದೆ. ಅಲ್ಲಿ ನಮ್ಮ ಕಂಪನಿ ಇಲ್ಲವಲ್ಲ, ಅದಕ್ಕೆ ಅಲ್ಲಿಯದೇ ಒಂದು ಸಂಸ್ಥೆ ಅವಳನ್ನು ತನ್ನ ಹೆಸರಲ್ಲಿ ನೌಕರಿಗೆ ಇಟ್ಟುಕೊಂಡು ಪಗಾರ, ರಜೆ, ತೆರಿಗೆ ಎಲ್ಲ ನೋಡಿಕೊಳ್ಳುತ್ತದೆ. ಅವಳು ಮಾಡುವುದು ನಮ್ಮ ಕೆಲಸವನ್ನೇ.

"ಹಂಗಾದ್ರ ಆಕಿ ಯಾರ ಪೈಕಿ?" ಎಂದು ಸಿಟ್ಟಾಗಿ ನಿನ್ನೆ ಊಟ ಬಿಟ್ಟಿರಿ. ರೊಟ್ಟಿ ಡಬ್ಬಿಯಲ್ಲಿವೆ, ಮೊದಲು ತಿನ್ನಿ.

ಹನ್ನೊಂದಕ್ಕೆ ಅವಳ ವೀಡಿಯೊ ಕಾಲ್ ಬರುತ್ತದೆ. ಬನಿಯನ್ನಿನಲ್ಲಿ ಕೂರಬೇಡಿ. ನಿಮ್ಮ ಮಾತನ್ನು ತಮ್ಮ ಸ್ವಪ್ನಿಲ್ ಇಂಗ್ಲಿಷಿನಲ್ಲಿ ಹೇಳುತ್ತಾನೆ.

ಗಿರಣಿ ಬಿಚ್ಚಿ ಕೂಡಿಸುವುದನ್ನು ಯಾರು ಕಲಿಸುತ್ತಾರೆ ಎಂದು ಕೇಳಿದಳು. ನಿಮ್ಮ ಹೆಸರು ಹೇಳಿದ್ದೇನೆ.

ಮಾಯಾ