ಎರಡನೇ ಭಾನುವಾರದ ಅರ್ಧ ಬಟ್ಟಲು

ಬಸ್ತಿಹಳ್ಳಿ
೧೩-೧೦-೧೯೮೭, ಮಂಗಳವಾರ

ಚಿ. ಸೌ. ಪದ್ಮಲತಾಳಿಗೆ,

ನಿನ್ನ ಅಮ್ಮನ ಆಶೀರ್ವಾದಗಳು. ಅಳಿಯಂದಿರಿಗೂ ನಿಮ್ಮ ಅತ್ತೆಯವರಿಗೂ ನನ್ನ ಜೈ ಜಿನೇಂದ್ರ ತಿಳಿಸು. ಮಗುವಿಗೆ ನನ್ನ ಪರವಾಗಿ ಎರಡು ಮುತ್ತು. ಇಲ್ಲಿ ಎಲ್ಲರೂ ಕ್ಷೇಮ ಅಂತ ಮೊದಲೇ ಬರೆದುಬಿಡುವುದು ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ, ಪೂರ್ತಿ ಓದಿದ ಮೇಲೆ ನೀನೇ ತೀರ್ಮಾನ ಮಾಡು.

ನಿನ್ನ ಮೂರು ಕಾಗದವೂ ಬಂದಿವೆ. ಮೂರನ್ನೂ ಗಡಿಯಾರದ ಹಿಂದೆ ಸಿಕ್ಕಿಸಿಟ್ಟು ದಿನಾ ಮುಖ ತಿರುಗಿಸಿಕೊಂಡು ಓಡಾಡಿದ್ದೇನೆ. ಹೋಂವರ್ಕು ತಡ ಮಾಡಿದ ಮಕ್ಕಳನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು, ಈಗ ನನ್ನನ್ನೇ ನಿಲ್ಲಿಸಬೇಕು. ನಿನ್ನ ಅಪ್ಪ ಮಾತ್ರ, "ಪಾಪ, ಮಗಳು ಅಲ್ಲಿ ಒದ್ದಾಡ್ತಿದಾಳೆ, ನೀನಿಲ್ಲಿ ಪೆನ್ನಿಗೆ ಶಾಯಿ ಇಲ್ಲ ಅಂತಿದೀಯಲ್ಲೇ" ಅಂತ ನಿನ್ನೆ ಅಂಗಡಿಯಿಂದ ಹೊಸ ಪೆನ್ನನ್ನೇ ತಂದು ಮುಂದಿಟ್ಟರು. ಇನ್ನು ನೆಪವಿಲ್ಲ.

ನಿನ್ನ ಪ್ರಶ್ನೆ ನೇರವಾಗಿದೆ. ಬಾಣಂತನವಾದ ಮೇಲೆ ಏರಿದ ಮೈ ಇಳಿಯಲೇ ಇಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು, ನನಗೆ ಮಾಡಿದ ಬೆಂಗಳೂರಿನ ಡಾಕ್ಟರೇ ನಿನಗೂ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ನಿಗೆ ನವೆಂಬರ್ ಹದಿನಾರು ಅಂತ ದಿನ ಕೊಟ್ಟಿದ್ದಾರೆ. "ಹೋಗಲೋ ಬೇಡವೋ, ಒಂದು ಮಾತು ಬರೆ ಅಮ್ಮ. ಆದವರೆಲ್ಲ ಸೇರುವ ನಿಮ್ಮ ಸಂಘದಲ್ಲಿ ಏನು ಮಾಡ್ತೀರಿ ಅಂತಲೂ ಬರೆ" ಅಂದಿದ್ದೀಯ. ಕೊನೆಗೆ, "ನಾನೂ ನಿನ್ನ ಹಾಗೇ ಏಕಾಶನ ಶುರು ಮಾಡಿದ್ದೇನೆ, ದಿನಕ್ಕೆ ಒಂದೇ ಹೊತ್ತು ಊಟ. ನಿನ್ನ ವ್ರತದ ಉದ್ಯಾಪನೆ ಯಾವಾಗ?" ಅಂತ ಕೇಳಿದ್ದೀಯ. ಸಂಘದ ವಿಷಯ ಮೊದಲು ಹೇಳಿಬಿಡುತ್ತೇನೆ ಕಣೇ, ಉಳಿದದ್ದು ಆಮೇಲೆ.

ಎರಡು ವರ್ಷದ ಹಿಂದೆ ನನ್ನನ್ನು ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟು: "ನಿಮ್ಮ ಹೊಟ್ಟೆಯನ್ನ ನಾನು ಹೊಲಿದು ಚಿಕ್ಕದು ಮಾಡಿದೀನಿ. ನಿಮ್ಮ ಆಸೆಯನ್ನ, ನಿಮ್ಮ ಭಯವನ್ನ ಹೊಲಿಯೋಕೆ ನನ್ನ ಹತ್ರ ದಾರ ಇಲ್ಲ. ನಿಮ್ಮ ಕಡೆಯವರು ಏಳು ಜನ ಇದೀರಿ, ತಿಂಗಳಿಗೊಂದು ಸಲ ಕೂತು ಮಾತಾಡಿ." ಹಾಸನದವರಿಗೂ ತಿಪಟೂರಿನವರಿಗೂ ಕಡೂರಿನವರಿಗೂ ಅರಸೀಕೆರೆ ಅಂದರೆ ಅನುಕೂಲ, ಬಸ್ಸೋ ರೈಲೋ ಒಂದು ಸಿಕ್ಕುತ್ತದೆ. ನನ್ನ ಜೊತೆಗೇ ಆಪರೇಷನ್ ಆದ ಉಗ್ರಪ್ಪನವರದು ಅಲ್ಲಿ ಕೊಬ್ಬರಿ ಮಂಡಿ. ಭಾನುವಾರ ವ್ಯಾಪಾರವಿಲ್ಲ, ತಿಂಗಳ ಎರಡನೇ ಭಾನುವಾರ ನಮಗೆ ಬಾಗಿಲು ತೆಗೆದುಕೊಟ್ಟರು. ಖಾಲಿ ಗೋಣಿಚೀಲ ಹಾಸಿಕೊಂಡು ಕೂರುತ್ತೇವೆ. ಊರಿನ ಕೊಬ್ಬರಿಯೆಲ್ಲ ಘಮ್ಮೆನ್ನುವ ಜಾಗದಲ್ಲಿ, ಅರ್ಧ ಬಟ್ಟಲು ಗಂಜಿ ಕುಡಿದರೆ ಹೊಟ್ಟೆ ತುಂಬುವ ಏಳು ಜನ! ಬಾಣಾವರದ ರಿಟೈರ್ಡ್ ಪೋಸ್ಟ್ ಮಾಸ್ಟರ್ ಏಕಾಂತಯ್ಯನವರು ಮೊದಲ ದಿನವೇ "ಅರ್ಧ ಬಟ್ಟಲ ಸಂಘ" ಅಂತ ಹೆಸರಿಟ್ಟರು, ಅದೇ ನಿಂತಿತು.

ನಡೆಸುವ ಭಾರ ನನ್ನ ತಲೆಗೆ ಬಂತು, ಮೇಷ್ಟ್ರಮ್ಮ ಅಂದ ಮೇಲೆ ಇನ್ನೇನು. ಅಲ್ಲಿ ಆಡಿದ ಮಾತು ಮಂಡಿಯ ಹೊಸಿಲು ದಾಟಬಾರದು ಅಂತ ಮಾಡಿದೆ. ಹೊಸಬರು ಬಂದರೆ ಮೊದಲ ಸಲ ಬರೀ ಕೇಳಬೇಕು, ಉಪದೇಶ ಯಾರೂ ಮಾಡಬಾರದು, ತನಗೆ ಆದದ್ದನ್ನು ಮಾತ್ರ ಹೇಳಬೇಕು. ಮೂರು ತಿಂಗಳಿಗೊಮ್ಮೆ ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆತರಬೇಕು. ಯಾಕೆಂದರೆ "ಇನ್ನೊಂದೇ ಒಂದು ತುತ್ತು" ಅಂತ ಬಡಿಸುವ ಕೈಗೆ ಬುದ್ಧಿ ಬರದೆ ನಮಗೆ ಉಳಿಗಾಲವಿಲ್ಲ. ಅರಸೀಕೆರೆಯಲ್ಲೇ ಇರುವ ರಿಟೈರ್ಡ್ ನರ್ಸ್ ಮರಿಯಮ್ಮ ಬಂದು ಮಾತ್ರೆ ತಗೊಂಡಿರಾ ಅಂತ ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು.

ಇಷ್ಟರಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು. ನನಗೆ ರ‍್ಯಾಂಕು ಕೊಡದಿದ್ದರೆ ಕೈ ಕಡಿಯುತ್ತದಲ್ಲ! ಮಂಡಿಯಲ್ಲಿ ಕೊಬ್ಬರಿ ಮೂಟೆ ತೂಗುವ ಕಾಟಾ ಇತ್ತು. ತಿಂಗಳು ತಿಂಗಳು ಎಲ್ಲರನ್ನೂ ಅದರ ಮೇಲೆ ನಿಲ್ಲಿಸಿ ತೂಕ ಕೂಗಿ ಹೇಳುವ ಪದ್ಧತಿ ತಂದವಳು ನಾನೇ. ಎಲ್ಲರಿಗಿಂತ ಹೆಚ್ಚು ಇಳಿದವರಿಗೆ ಸೇವಂತಿಗೆ ಹಾರ, ಉಗ್ರಪ್ಪನವರ ಗಾದಿಯ ಮೇಲೆ ಕೂರುವ ಮರ್ಯಾದೆ, ಚಪ್ಪಾಳೆ. ಇಳಿಯದವರು ಹಿಂದೆ, ಚೀಲಗಳ ಸಾಲಿನಲ್ಲಿ. ಉಗ್ರಪ್ಪನವರು ಒಂದು ಸಲ, "ಮೇಡಂ, ಮೂಟೆಗಾದ್ರೆ ತೂಕ ಕಮ್ಮಿ ಬಂದ್ರೆ ಎಲ್ಲಿ ಸೋರ್ತಾ ಐತೆ ಅಂತ ನೋಡ್ತೀವಿ. ನಾವು ಚಪ್ಪಾಳೆ ಹೊಡೀತಾ ಇದೀವಲ್ಲ" ಅಂದಿದ್ದರು. ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಹಳೇಬೀಡಿನ ಪೇಟೆಬೀದಿಯ ಧರ್ಮಾವತಿ ನಿನಗೆ ಗೊತ್ತಲ್ಲ, ನಿನ್ನ ಮದುವೆಯಲ್ಲಿ ಆರತಿ ಹಾಡು ಹೇಳಿದವಳು. ಅವಳಿಗೆ ಹೋದ ಮೇ ತಿಂಗಳು ಆಪರೇಷನ್ ಆಯಿತು. ನನ್ನನ್ನು ನೋಡಿಯೇ ಧೈರ್ಯ ಮಾಡಿದ್ದು. ಇಬ್ಬರೂ ಒಂದೇ ಬಸ್ಸಿನಲ್ಲಿ ಅರಸೀಕೆರೆಗೆ ಹೋಗುತ್ತಿದ್ದೆವು. ಜುಲೈನಲ್ಲಿ ಏಳು ಕೆಜಿ ಇಳಿದಿದ್ದಳು, ಆಗಸ್ಟಿನಲ್ಲಿ ಒಂಬತ್ತು. ಊಟ ಹೇಗೆ ಅಂತ ಮರಿಯಮ್ಮ ಕೇಳಿದ್ದಕ್ಕೆ, "ಏಕಾಶನ ಹಿಡಿದಿದೀನಿ" ಅಂದಳು. ದಶಲಕ್ಷಣ ಪರ್ವದಲ್ಲಿ ಹತ್ತು ದಿನವೂ ಉಪವಾಸ ಮಾಡುತ್ತೇನೆ ಅಂತಲೂ ಹೇಳಿದಳು. ಮರಿಯಮ್ಮನಿಗೆ ಅದು ಸರಿ ಕಾಣಲಿಲ್ಲ. "ಇದು ನಮ್ಮ ಧರ್ಮದ ವಿಷಯ, ನಿಮಗೆ ತಿಳಿಯಲ್ಲ ಬಿಡಿ" ಅಂತ ನಾನೇ ಅವರ ಬಾಯಿ ಮುಚ್ಚಿಸಿ, ಧರ್ಮಾವತಿಗೆ ನನ್ನ ಕೈಯಾರೆ ಹಾರ ಹಾಕಿದೆ. ಹೌದು ಕಣೇ, ಈ ಕೈಯಿಂದಲೇ.

ಪರ್ವದ ಕೊನೆಯ ದಿನ ಬಸ್ತಿಯಲ್ಲಿ ಅಭಿಷೇಕ ಮುಗಿದಿತ್ತು. ಅವಳ ಉಪವಾಸಕ್ಕೆ ಜನ ಕೈ ಮುಗಿಯುತ್ತಿದ್ದರು. ಮೆಟ್ಟಿಲು ಇಳಿಯುವಾಗ ಕಾಲು ಎಲ್ಲಿ ಇಡುತ್ತಿದ್ದೇನೆ ಅನ್ನುವುದೇ ಅವಳಿಗೆ ತಿಳಿಯಲಿಲ್ಲ, ಬಿದ್ದಳು. ಎತ್ತಿ ನಿಲ್ಲಿಸಿದರೆ ನಿಲ್ಲಲಾರಳು. "ಅಕ್ಕಾ, ನೀವು ಇಬ್ಬರಾಗಿ ಕಾಣ್ತಿದೀರಿ" ಅಂದಳು. ಉಪವಾಸದ ನಿಶ್ಶಕ್ತಿ, ಪಾರಣೆ ಮಾಡಿಸಿದರೆ ಸರಿಹೋಗುತ್ತದೆ ಅಂತ ಹೆಂಗಸರು ಸಕ್ಕರೆ ನೀರು ತಂದರು. ಆ ನೀರೂ ಹೊರಗೆ ಬಂತು.

ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಸುದ್ದಿ ತಿಳಿದು ಓಡಿಬಂದ ಮರಿಯಮ್ಮ ಹಾಸಿಗೆ ಪಕ್ಕ ಕೂತು ಕೇಳಿದ್ದು ಒಂದೇ ಮಾತು: "ತಿಂದಿದ್ದು ಏನಾದ್ರೂ ಹೊಟ್ಟೇಲಿ ಉಳೀತಾ ಇತ್ತೇನಮ್ಮ?" ಧರ್ಮಾವತಿ ಗೋಡೆ ಕಡೆ ತಿರುಗಿ ಅತ್ತಳು. ಆಪರೇಷನ್ ಆದ ತಿಂಗಳಿನಿಂದ ಅನ್ನ, ಚಪಾತಿ, ಕೊನೆಗೆ ಮಾತ್ರೆ ಕೂಡ ವಾಂತಿಯಾಗಿ ಹೋಗುತ್ತಿತ್ತಂತೆ. ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿದಾಗ ಡಾಕ್ಟರು ಬೈದ ಬೈಗುಳ ನನ್ನ ಕಿವಿಯಲ್ಲೇ ಇದೆ. ವಾಂತಿಯಾದರೆ ತಿಳಿಸಿ ಅಂತ ಮೊದಲ ದಿನವೇ ಹೇಳಿರಲಿಲ್ಲವಾ ಅಂದರು. ಮೈಯಲ್ಲಿ ವಿಟಮಿನ್ ಪೂರ್ತಿ ಬರಿದಾಗಿ ನರಗಳಿಗೆ ಪೆಟ್ಟು ಬಿದ್ದಿದೆ, ಇಂಜೆಕ್ಷನ್ ಇನ್ನೊಂದು ವಾರ ತಡವಾಗಿದ್ದರೆ ಜೀವಕ್ಕೇ ಸಂಚಕಾರ ಅಂದರು. ಈಗ ಕಣ್ಣು ಸರಿಹೋಗಿದೆ. ಕಾಲು ಪೂರ್ತಿ ಸರಿಹೋಗುತ್ತದೋ ಇಲ್ಲವೋ ಯಾರೂ ಹೇಳುತ್ತಿಲ್ಲ.

"ಯಾಕೆ ಮುಚ್ಚಿಟ್ಟೆ ತಾಯಿ?" ಅಂತ ಕೇಳಿದೆ. "ವಾಂತಿ ಅಂದ್ರೆ ಕಾಯಿಲೆ ಅಂತಾರೆ, ದುಡ್ಡು ಸುರಿದು ಕಾಯಿಲೆ ತಂದುಕೊಂಡಳು ಅಂತಾರೆ. ಉಪವಾಸ ಅಂದ್ರೆ ಕೈ ಮುಗೀತಾರೆ ಅಕ್ಕಾ" ಅಂದಳು. ನಾವು ಎಂಥ ಜನ ನೋಡು ಪದ್ಮ. ತಟ್ಟೆ ಮುಂದೆ ಕೂತವರನ್ನು ಎಷ್ಟು ತಿಂದೆ ಅಂತ ಕೇಳುತ್ತೇವೆ, ವ್ರತ ಅಂದವರನ್ನು ಯಾಕೆ ತಿನ್ನಲಿಲ್ಲ ಅಂತ ಕೇಳುವುದಿಲ್ಲ.

ಮೊನ್ನೆ ಹನ್ನೊಂದರಂದು ಸಭೆ ಸೇರಿತು. ಧರ್ಮಾವತಿ ಕೋಲು ಊರಿಕೊಂಡು ಬಂದಳು. ಉಗ್ರಪ್ಪನವರು ಕಾಟಾವನ್ನು ಮೂಲೆಗೆ ತಳ್ಳಿ ಮೇಲೆ ಗೋಣಿಚೀಲ ಹೊದಿಸಿದ್ದರು. ನಾನು ಎದ್ದು ನಿಂತು, ತಪ್ಪು ನನ್ನದು ಅಂದೆ. ಯಾರೂ ಇಲ್ಲ ಅನ್ನಲಿಲ್ಲ, ಸದ್ಯ. ಇನ್ನು ಮೇಲೆ ತೂಕವನ್ನು ಮರಿಯಮ್ಮ ಗುಟ್ಟಾಗಿ ನೋಡಿ ಡಾಕ್ಟರಿಗೆ ಬರೆಯುತ್ತಾರೆ, ಹಾರ ತುರಾಯಿ ಇಲ್ಲ. ಸಭೆಯ ಮೊದಲ ಪ್ರಶ್ನೆ ಎಷ್ಟು ಇಳಿದಿರಿ ಅಂತಲ್ಲ, ಹೊಟ್ಟೆಯಲ್ಲಿ ಏನು ಉಳಿಯಿತು ಅಂತ. ಪ್ರತಿಯೊಬ್ಬರೂ ತಮ್ಮ ಬಟ್ಟಲು ತಂದು ಎಲ್ಲರ ಎದುರಿಗೆ ಅರ್ಧ ಬಟ್ಟಲು ಗಂಜಿ ನಿಧಾನಕ್ಕೆ ಕುಡಿಯಬೇಕು, ಅರ್ಧ ಗಂಟೆ ಯಾರೂ ಏಳಬಾರದು. ಎದ್ದರೆ ಮರಿಯಮ್ಮ ಹಿಂದೆಯೇ ಹೋಗುತ್ತಾರೆ.

ಎಲ್ಲರಿಗೂ ಗಂಜಿ ಬಡಿಸಿದೆ. "ಮೇಷ್ಟ್ರಮ್ಮ, ನಿಮ್ಮ ಬಟ್ಟಲು ಪೋಸ್ಟಲ್ಲಿ ಬರ್ತಾ ಇದೆಯಾ?" ಅಂತ ಏಕಾಂತಯ್ಯನವರು ತಮಾಷೆ ಮಾಡಿದರು. ನನ್ನದು ಏಕಾಶನ, ಬೆಳಿಗ್ಗೆಯೇ ಆಯಿತು ಅಂದೆ. ಧರ್ಮಾವತಿ ಕುಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ವಾಪಸ್ಸು ಬರುವಾಗ ಬಸ್ಸು ಜಾವಗಲ್ಲು ದಾಟಿದ ಮೇಲೆ ಒಂದು ಮಾತು ಹೇಳಿದಳು. ಅದನ್ನು ಬರೆಯಲು ಇನ್ನೂ ಧೈರ್ಯ ಸಾಲುತ್ತಿಲ್ಲ.

ಈಗ ನಿನ್ನ ಪ್ರಶ್ನೆ. ಬೇಡ ಅನ್ನಲಾರೆ. ನನ್ನ ಮಂಡಿನೋವು ಹೋಯಿತು, ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಂತು, ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರುತ್ತೇನೆ. ಉಗ್ರಪ್ಪನವರಂತೂ ತಿಂದದ್ದು ದಕ್ಕಿಸಿಕೊಂಡು ಗಟ್ಟಿಯಾಗಿದ್ದಾರೆ. ಹೋಗು ಅನ್ನಲೂ ಬಾಯಿ ಬರುತ್ತಿಲ್ಲ. ನವೆಂಬರ್ ಎಂಟು ಎರಡನೇ ಭಾನುವಾರ. ನಿಮ್ಮ ದಾವಣಗೆರೆಯಿಂದ ಬೆಳಗಿನ ಗಾಡಿಗೆ ಬಾ, ಅರಸೀಕೆರೆ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಮಂಡಿಯಲ್ಲಿ ಕೂತು ಎಲ್ಲರ ಮಾತು ಕೇಳು, ಆಮೇಲೆ ನಿರ್ಧಾರ ಮಾಡು. ಅಲ್ಲಿಯವರೆಗೆ ಆ ಏಕಾಶನ ನಿಲ್ಲಿಸು. ಅಮ್ಮನ ಆಣೆ ಅಂತ ಬರೆಯುತ್ತಿದ್ದೆ, ಆಣೆ ಇಡುವ ಯೋಗ್ಯತೆ ನನಗಿಲ್ಲ. ಸುಮ್ಮನೆ ಕೇಳಿಕೊಳ್ಳುತ್ತೇನೆ, ನಿಲ್ಲಿಸು.

ನಿನಗೂ ನಿನ್ನ ಸಂಸಾರಕ್ಕೂ ಒಳ್ಳೆಯದಾಗಲಿ. ಮೂರು ಹೊತ್ತೂ ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ ನಿನ್ನ ಅಮ್ಮ,
ಚಂದ್ರಪ್ರಭಾ

ತಾ.ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಉದ್ಯಾಪನೆ ಯಾವಾಗ ಅಂತ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಬರೆದೇ ಇಲ್ಲ. ಉದ್ಯಾಪನೆ ಇಲ್ಲ ಮಗಳೇ, ಯಾಕೆಂದರೆ ವ್ರತವೇ ಇಲ್ಲ. ಹೋದ ವರ್ಷ ನಿನ್ನ ಮಗುವಿನ ನಾಮಕರಣದ ದಿನ ಹೋಳಿಗೆಯ ತುಣುಕು ಎದೆಯಲ್ಲಿ ಸಿಕ್ಕಿಕೊಂಡು ಎಲೆ ಬಿಟ್ಟು ಹಿತ್ತಿಲಿಗೆ ಓಡಿದೆ. ನಿಮ್ಮ ಅತ್ತೆ ಏನಾಯಿತು ಅಂತ ಬಂದರು. ಬೀಗರ ಮನೆ, ನೂರು ಜನ, ನಿನ್ನ ಮರ್ಯಾದೆ. ಏಕಾಶನ ಹಿಡಿದಿದ್ದೇನೆ, ಬೆಳಿಗ್ಗೆಯೇ ಊಟವಾಗಿತ್ತು, ಮರೆತು ಕೂತುಬಿಟ್ಟೆ ಅಂದೆ. ಅವರು ಎಲ್ಲರೆದುರು ನನಗೆ ಕೈ ಮುಗಿದರು, ನೀನು ಎಷ್ಟು ಹೆಮ್ಮೆಯಿಂದ ನೋಡಿದೆ! ಆ ಮುಖ ನೋಡಿದ ಮೇಲೆ ಸುಳ್ಳು ಅಂತ ಹೇಳಲಾಗಲಿಲ್ಲ. ಅಂದಿನಿಂದ ಗಟ್ಟಿ ಪದಾರ್ಥ ಹೊಟ್ಟೆಯಲ್ಲಿ ಉಳಿಯುತ್ತಿಲ್ಲ, ಈಚೆಗೆ ಗಂಜಿಯೂ ಇಲ್ಲ. ಪಾಪ, ನಿನ್ನ ಅಪ್ಪ ವ್ರತಸ್ಥಳು ಅಂತ ದಿನಾ ಹೊತ್ತು ಮುಳುಗುವ ಮುಂಚೆ ಬಿಸಿನೀರು ಕಾಯಿಸಿ ತಂದುಕೊಡುತ್ತಾರೆ. ಧರ್ಮಾವತಿ ಬಸ್ಸಿನಲ್ಲಿ ಹೇಳಿದ್ದು ಇದು: "ಅಕ್ಕಾ, ಏಕಾಶನ ಅಂತ ಹೇಳೋದನ್ನ ನಾನು ನಿಮ್ಮನ್ನ ನೋಡೇ ಕಲ್ತಿದ್ದು." ಈಗ ನೀನೂ ಕಲಿತಿದ್ದೀಯ. ಎರಡು ವಾರದಿಂದ ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಬೆರಳಿನಿಂದ ಜಾರುತ್ತಿದೆ, ಅಂಗಾಲು ಜುಮ್ಮೆನ್ನುತ್ತದೆ. ನಾಳೆ ಈ ಕಾಗದ ಡಬ್ಬಿಗೆ ಹಾಕಿ ಅರಸೀಕೆರೆಯ ಅದೇ ಬಸ್ಸಿಗೆ ಮರಿಯಮ್ಮನ ಹತ್ತಿರ ಇಂಜೆಕ್ಷನ್ನಿಗೆ ಹೋಗುತ್ತಿದ್ದೇನೆ. ನಿನ್ನ ಅಪ್ಪನಿಗೂ ಬೆಳಿಗ್ಗೆ ಹೇಳುತ್ತೇನೆ. ಎಂಟನೇ ತಾರೀಕು ಬರುವಾಗ ನನ್ನ ಬಟ್ಟಲು ತಾ, ನಿನ್ನ ಅಡುಗೆಮನೆಯ ಯಾವುದಾದರೂ ಚಿಕ್ಕದು. ಎಲ್ಲರೆದುರು ನನ್ನನ್ನು ನೀನೇ ಕೇಳಬೇಕು, ಹೊಟ್ಟೆಯಲ್ಲಿ ಏನು ಉಳಿಯಿತು ಅಂತ. ಬೇರೆ ಯಾರು ಕೇಳಿದರೂ ನಾನು ಮತ್ತೆ ಸುಳ್ಳು ಹೇಳಿಬಿಡುತ್ತೇನೇನೋ ಅಂತ ಹೆದರಿಕೆ ಕಣೇ.