ಅರಿಷಿಣದ ಡಬ್ಬಿಯಲ್ಲಿ ಇರದ ಪೆನ್‌ಡ್ರೈವ್

ಅಪ್ಪಾ,

ನಿನ್ನ ಪೆನ್‌ಡ್ರೈವ್ ನಿನ್ನೆ ಸಂಜೆ ಸಿಕ್ಕಿತು. ಸುಳಿವು ಕೊಟ್ಟವಳು ನಿನ್ನ ಸೊಸೆ ಮೇಧಾ. ಮೊದಲು ಸುದ್ದಿ, ವಿವರ ಆಮೇಲೆ ಎಂದು ದಿನಾ ಬೆಳಿಗ್ಗೆ ಪೇಪರ್ ಓದಿಸುತ್ತ ಕಲಿಸಿದವನು ನೀನೇ. ಈಗ ವಿವರ. ಹೋದವರ ಮೇಲೆ ಸಿಟ್ಟು ಮಾಡಬಾರದು ಅಂತಾರೆ. ನಿನ್ನಂಥವರನ್ನು ಅವರು ಕಂಡಿರಲಿಕ್ಕಿಲ್ಲ.

ಅದಕ್ಕೆ ನೀನು ಹೊಸ ಕವಚ ಮಾಡಿದ ಮಧ್ಯಾಹ್ನ ನೆನಪಿದೆಯಾ? ಮಲಾಡ್‌ನಿಂದ ಸಯನ್ನಿಗೆ ಗೆಳೆಯರ ಮನೆಗೆ ಹೋಗುವಾಗ, ದಾದರ್‌ನಲ್ಲಿ ಗಾಡಿ ಬದಲಿಸುವ ಗದ್ದಲದಲ್ಲಿ ಎರಡು ಪೆನ್‌ಡ್ರೈವ್ ನೀನು ಕಳೆದಿದ್ದೆ. ಮೂರನೆಯದರ ಕವಚವನ್ನೇ ಒಡೆದು ತೆಗೆದೆ. ನಿನ್ನ ಮೊಮ್ಮಗಳು ಅನುಜಾ ಸಣ್ಣವಳಿದ್ದಾಗ ಮನೆ ಕಟ್ಟಿ ಆಡುತ್ತಿದ್ದ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಒಂದನ್ನು ಆರಿಸಿಕೊಂಡೆ. ಅವ್ವನ ಚಾಕು ಗ್ಯಾಸಿನ ಮೇಲೆ ಕಾಯಿಸಿ ಅದರ ಒಳಗಿನ ಗೂಟಗಳನ್ನು ಕೊರೆದೆ, ಪಕ್ಕದ ಗೋಡೆಯಲ್ಲಿ ಕಿಂಡಿ ಮಾಡಿದೆ, ಒಳಗೆ ಪೆನ್‌ಡ್ರೈವ್ ಕೂರಿಸಿ ತಳಕ್ಕೆ ಚಪ್ಪಟೆ ತುಂಡು ಅಂಟಿಸಿದೆ. ಆ ಚಾಕುವಿನಿಂದ ಹೆಚ್ಚಿದ ಉಳ್ಳಾಗಡ್ಡಿ ಎಷ್ಟೋ ದಿನ ಸುಟ್ಟ ಪ್ಲಾಸ್ಟಿಕ್ ನಾತ ಹೊಡೆಯುತ್ತಿತ್ತು. “ಇಷ್ಟು ದಪ್ಪಂದು ಇನ್ನ ಕಳೆಯೂದಿಲ್ಲ” ಅಂದೆ. ಸರಿ. ಆಮೇಲೆ ಅದನ್ನು ಒಯ್ದು ಅದೇ ಆಟಿಕೆಗಳ ಚೀಲದಲ್ಲಿ, ಅದರಂಥವೇ ನೂರಾರು ಇಟ್ಟಿಗೆಗಳ ನಡುವೆ ಹಾಕಿಟ್ಟೆಯಲ್ಲ, ಅದು ಯಾವ ಬುದ್ಧಿವಂತಿಕೆ? ಕಳ್ಳ ಆಟಿಕೆ ಕದಿಯುವುದಿಲ್ಲ ಅಂತಲೇ? ಮನೆಯವರಿಗಾದರೂ ಒಂದು ಮಾತು...

ಅವ್ವ ಹಾಡಿದ ದಿನಗಳು ಅದರಲ್ಲಿದ್ದವು. ಅರಿಷಿಣ ಹಚ್ಚುವಾಗ ಹಾಡುವ ಪದಗಳನ್ನೆಲ್ಲ ನೀನು ನಿನ್ನ ಫೋನಿನಲ್ಲಿ ಹಿಡಿದಿದ್ದೆ, ಪೆನ್‌ಡ್ರೈವ್‌ಗೆ ಹಾಕಿ ಫೋನಿನಿಂದ ಅಳಿಸಿದ್ದೆ. ಗಂಟಲಿನ ಆಪರೇಶನ್ ಆದಮೇಲೆ ಅವ್ವನಿಗೆ ಪಿಸುಮಾತು ಮಾತ್ರ ಉಳಿದಿದೆ ಅಂತ ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು, ಅನುಜಾಳ ಮದುವೆ ನಿಶ್ಚಯವಾಗಿದೆ. ಹುಡುಗ ಯಾರೆಂದು ಇನ್ನೊಮ್ಮೆ ಬರೆಯುತ್ತೇನೆ. ಅವಳು ಕೇಳಿದ್ದು ಒಂದೇ: “ಹಲ್ದಿಗೆ ಡಿಜೆ ಬೇಡ ಪಪ್ಪಾ. ಅಜ್ಜಿದು ಸಾಂಗ್ ಬೇಕು.” ಅವಳ ಕನ್ನಡ ಅಷ್ಟೇ, ಆದರೆ ಅವ್ವನ ಪದಗಳ ರಾಗ ಅವಳಿಗೆ ಬಾಯಿಪಾಠ.

ಆಸ್ಪತ್ರೆಯ ಆ ಕೊನೆಯ ವಾರ ಮೇಧಾ ನಿನ್ನ ಪಕ್ಕದಲ್ಲಿದ್ದಳು. ಪೆನ್‌ಡ್ರೈವ್ ಎಲ್ಲಿ ಎಂದು ಅವಳು ಕೇಳಿದಾಗ ನೀನು ಏನೋ ಅಂದೆ. ಅವಳು ಹೊರಗೆ ಬಂದು ನಮಗೆ ಹೇಳಿದ್ದು: “ಅಪ್ಪಾ ಬೋಲೆ, ಹಲ್ದಿ ಕೆ ಅಂದರ್ ಹೈ.” ಅವಳ ತವರಿನಲ್ಲಿ ಮರಾಠಿ, ನಮ್ಮೊಂದಿಗೆ ಹಿಂದಿ. ನಾವು ಕೇಳಿದ್ದು ಅನುವಾದ ಎಂದು ಯಾರಿಗೂ ಹೊಳೆಯಲಿಲ್ಲ. ನೀನು ಹೋದಮೇಲೆ ಅಡುಗೆಮನೆಯ ಅರಿಷಿಣದ ಡಬ್ಬಿ ಸುರಿದು ಜರಡಿ ಹಿಡಿದೆವು. ದೇವರ ಮನೆಯ ಭರಣಿ ತೆಗೆದೆವು. ವರ್ಷಕ್ಕೆಂದು ಕುಟ್ಟಿಸಿಟ್ಟ ಅರಿಷಿಣದ ಚೀಲಕ್ಕೆ ನಾನು ಮೊಣಕೈವರೆಗೂ ಕೈ ಹಾಕಿದೆ. ಮರುದಿನ ಆಫೀಸಿನಲ್ಲಿ ನನ್ನ ಕೈ ನೋಡಿ ಯಾರ ಮದುವೆ ಅಂತ ಎಲ್ಲರೂ ಕೇಳಿದರು. ಅವ್ವ ಪಿಸುಗುಟ್ಟಿದಳು: “ಇರೂತನಕಾ ಹುಡುಕಿಸಿದ್ರು. ಹೋದಮ್ಯಾಲೂ ಹುಡುಕಸ್ತಾರ.”

ನಿನ್ನೆ ಮದುವೆಗಾಗಿ ಅಟ್ಟ ಖಾಲಿ ಮಾಡುವಾಗ ಮೇಧಾ ಆ ಆಟಿಕೆಗಳ ಚೀಲ ಇಳಿಸಿದಳು, ಬಾಲವಾಡಿಗೆ ಕೊಡಲಿಕ್ಕೆ. ಅವ್ವ ಪಕ್ಕದಲ್ಲಿ ಕೂತು ಬಣ್ಣ ಬಣ್ಣದವನ್ನು ಬೇರೆ ಮಾಡುತ್ತಿದ್ದಳು. “ಕೆಂಪು ಇತ್ತಾಗ ಹಾಕು. ಹಳದಿ ಅತ್ತಾಗ.” ಮೇಧಾಳ ಕೈ ನಿಂತಿತು.

“ಆಯಿ, ಹಳದಿ ಮತಲಬ್ ಹಲ್ದಿ ನಾ?”

“ಹಳದಿ ಅಂದ್ರ ಈ ಬಣ್ಣ ಬೇ. ಅಡಿಗಿಗೆ ಹಾಕೂದಕ್ಕ ಅರಿಷಿಣ ಅಂತೀವಿ.”

“ಅಪ್ಪಾ ತೋ ಹಳದಿ ಬೋಲೆ ಥೇ! ಹಳದಿಯೊಳಗ!”

ಅರಿಷಿಣ ಅನ್ನಲಿಲ್ಲವಾ ಎಂದು ನಾನು ಮೇಧಾಳನ್ನು ಮತ್ತೆ ಮತ್ತೆ ಕೇಳಿದೆ. ಇಲ್ಲವಂತೆ. ಮೂಲ ಮಾತನ್ನು ಇದ್ದಂತೆಯೇ ವರದಿ ಮಾಡಬೇಕು ಅನ್ನುತ್ತಿದ್ದೆಯಲ್ಲ, ನೀನಾದರೂ “ಹಳದಿ ಇಟ್ಟಿಗೆ” ಅಂತ ಪೂರ್ತಿ ಹೇಳಿದ್ದರೆ? ಇನ್ನೊಂದೇ ಒಂದು ಶಬ್ದ, ಅಪ್ಪಾ. ನೀನು ಆರಿಸಿದ್ದು ಯಾವ ಬಣ್ಣದ್ದೆಂದು ನಮಗಾರಿಗೂ ನೆನಪಿರಲಿಲ್ಲ. ಹಳದಿ ಇಟ್ಟಿಗೆಗಳನ್ನು ಒಂದೊಂದೇ ತಿರುವಿ ನೋಡುತ್ತ ಹೋದೆವು. ಕಿಂಡಿ ಇದ್ದದ್ದು ಕೈಗೆ ಬಂತು.

ಇಲ್ಲಿಗೆ ಮುಗಿಯಿತು ಅಂದುಕೊಂಡೆಯಾ? ನೀನು ಮಾಡಿದ ಇಟ್ಟಿಗೆ ನನ್ನ ಲ್ಯಾಪ್‌ಟಾಪಿಗಿಂತ ದಪ್ಪ. ಚುಚ್ಚಲು ಹೋದರೆ ಮೇಜು ಅಡ್ಡ ಬರುತ್ತದೆ. ಕೊನೆಗೆ ಲ್ಯಾಪ್‌ಟಾಪನ್ನು ಎರಡು ಡಬ್ಬಿಗಳ ಮೇಲೆ ಏರಿಸಿ, ಇಟ್ಟಿಗೆಯನ್ನು ಕೆಳಗಿನಿಂದ ಬೆರಳಲ್ಲಿ ಹಿಡಿದು ಕೂತೆ. ಬೆರಳು ಸಡಿಲಾದರೆ ಹಾಡು ಬಂದ್.

ಮತ್ತೆ ಆ ಹಾಡುಗಳು! ಅವ್ವ ಎರಡು ಸಾಲು ಹಾಡುವುದರೊಳಗೆ ನೀನು: “ಏ, ಒಂದು ನುಡಿ ಬಿಟ್ಟಿ ನೋಡು.” ಆಮೇಲೆ ಕೆಮ್ಮು. ಆಮೇಲೆ ಅವ್ವ, ತುಂಬು ಗಂಟಲಿನಿಂದ: “ನೀವಽ ಹಾಡ್ರಿ ಹಂಗಾರ!” ನೀನು ಹಾಡಿಯೂ ಬಿಟ್ಟೆ. ಅದೆಂಥ ರಾಗ, ಅಪ್ಪಾ... ಒಂದು ಪದವನ್ನಾದರೂ ನೆಟ್ಟಗೆ ಮುಗಿಸಲು ಬಿಟ್ಟಿದ್ದೀಯಾ? ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ನಿನ್ನ ಮಾತಿನ ಭಾಗ ಕತ್ತರಿಸಲು ಕೂತೆ.

ಅವ್ವ ನನ್ನ ಕೈ ಹಿಡಿದಳು. “ತಗೀಬ್ಯಾಡ. ಮೊಮ್ಮಗಳ ಅರಿಷಿಣಕ್ಕ ಅಜ್ಜಾ ಬರಬ್ಯಾಡನು?”

ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಸೊಸೈಟಿ ಹಾಲ್‌ನಲ್ಲಿ ಅನುಜಾಳಿಗೆ ಅರಿಷಿಣ ಹಚ್ಚುತ್ತೇವೆ. ಹಾಡುಗಳನ್ನು ಕತ್ತರಿಸದೆ ಹಾಕುತ್ತೇವೆ.